ಮೂತ್ರಪರೀಕ್ಷೆಯೂ ಮೂತ್ರಾಶಯದ ಅರ್ಬುದವೂ

ರೋಗಗಳಲ್ಲಿ ಕೆಲವು ನೋವಿನ ಮೂಲಕ ತಮ್ಮ ಬರವನ್ನು ಸಾರುತ್ತವೆ. ಕೆಲವು ಸದ್ದಿಲ್ಲದೆ ಬೆಳೆಯುತ್ತವೆ. ಮೂತ್ರಾಶಯದ ಅರ್ಬುದವು, ಎಂದರೆ ಕ್ಯಾನ್ಸರ್ ರೋಗವು, ಎರಡನೆಯ ಬಗೆಯದು. ನೋವಿಲ್ಲದೆ ಮೂತ್ರದಲ್ಲಿ ರಕ್ತವು ಕಾಣುವುದೇ ಅನೇಕ ವೇಳೆ ಇದರ ಮೊದಲ ಗುರುತು. ಅದು ಒಂದು ದಿನ ಕಂಡು, ಬಳಿಕ ವಾರಗಟ್ಟಲೆ ಮರೆಯಾಗುವುದೂ ಉಂಟು. ಸ್ತ್ರೀಯರಲ್ಲಿ ಅನೇಕರು ಇದನ್ನು ಮುಟ್ಟಿನ ದೋಷವೆಂದೋ ಉರಿಮೂತ್ರವೆಂದೋ ಬಗೆದು, ಸಂಕೋಚದಿಂದ ಯಾರಿಗೂ ಹೇಳದೆ ಕಾಲ ಕಳೆಯುತ್ತಾರೆ. ಆದಕಾರಣ ಈ ವಿಷಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದಿಡುತ್ತೇವೆ.

ಈ ರೋಗಕ್ಕೆ ಧೂಮಪಾನವೇ ಮುಖ್ಯ ಕಾರಣ. ಬಣ್ಣದ ಕೈಗಾರಿಕೆಯ ಕೆಲವು ದ್ರವ್ಯಗಳೂ ಕಾರಣವಾಗುತ್ತವೆ. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ ಎಂಬವರು ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಇದನ್ನು ಗುರುತಿಸಿದರು. ಎಲ್ಲ ಬಣ್ಣಗಳೂ ಇಂಥವಲ್ಲ. ಬೆಂಜಿಡಿನ್ ಮೊದಲಾದ ಕೆಲವೇ ದ್ರವ್ಯಗಳ ಮೇಲೆ ಈ ದೋಷವಿದೆ. ಆದರೂ ಇಳಕಲ್ಲಿನಂತಹ ನೇಕಾರರ ಊರಿನಲ್ಲಿ, ನೂಲಿಗೆ ಬಣ್ಣ ಹಾಕುವವರು ಎಚ್ಚರದಿಂದಿರುವುದು ಲೇಸು.

ಅಕ್ಕಿ ತೊಳೆದ ನೀರನ್ನು ನೋಡಿ ಅಕ್ಕಿಯಲ್ಲಿದ್ದ ಧೂಳನ್ನು ತಿಳಿಯುವಂತೆ, ಮೂತ್ರವನ್ನು ಪರೀಕ್ಷಿಸಿ ಮೂತ್ರಾಶಯದ ಸ್ಥಿತಿಯನ್ನು ಊಹಿಸಬಹುದು. ಏಕೆಂದರೆ ಅದರ ಒಳಪೊರೆಯ ಜೀವಕೋಶಗಳು ಉದುರಿ ಮೂತ್ರದಲ್ಲಿ ಸೇರುತ್ತವೆ. 1945ರಲ್ಲಿ ಪಾಪನಿಕೊಲಾವ್ ಮತ್ತು ಮಾರ್ಷಲ್ ಎಂಬವರು ಈ ಕೋಶಗಳನ್ನು ಸೂಕ್ಷ್ಮದರ್ಶಕದಿಂದ ನೋಡಿ ರೋಗವನ್ನು ತಿಳಿಯುವ ಕ್ರಮವನ್ನು ವಿವರಿಸಿದರು. ಆದರೆ ಸೌಮ್ಯವಾದ ಗಂಟುಗಳ ಕೋಶಗಳು ಆರೋಗ್ಯದ ಕೋಶಗಳನ್ನೇ ಹೋಲುವುದರಿಂದ ಅನೇಕ ಸಲ ಕಣ್ಣಿಗೆ ತಪ್ಪುತ್ತವೆ. ಆದುದರಿಂದ ಈಗ ಕೋಶದ ಒಳಗಿನ ಗುರುತುಗಳನ್ನೇ ಹುಡುಕುತ್ತಾರೆ. ಎನ್‌ಎಂಪಿ 22 ಎಂಬ ಸಸಾರಜನಕ ಪದಾರ್ಥವನ್ನು ಅಳೆಯುವುದು ಒಂದು ವಿಧ. 3, 7 ಮತ್ತು 17ನೆಯ ವರ್ಣತಂತುಗಳು ಹೆಚ್ಚಾಗಿವೆಯೇ, 9ನೆಯದರ ಒಂದು ಭಾಗವು ಕಳೆದುಹೋಗಿದೆಯೇ ಎಂದು ನೋಡುವುದು ಇನ್ನೊಂದು. ಟರ್ಟ್, ಎಫ್‌ಜಿಎಫ್‌ಆರ್ 3 ಎಂಬ ಜೀನುಗಳಲ್ಲಾದ ಮಾರ್ಪಾಡನ್ನು ಅರಸುವುದು ಮತ್ತೊಂದು.

ಇವುಗಳಿಗೆ ಒಂದು ಕುಪ್ಪಿ ಮೂತ್ರವು ಸಾಕು. ನೋವಿಲ್ಲ, ಸಂಕೋಚಕ್ಕೂ ಎಡೆಯಿಲ್ಲ. ಆದರೆ ಕಲ್ಲು ಅಥವಾ ಸೋಂಕು ಇದ್ದಾಗ ಎನ್‌ಎಂಪಿ 22 ಇಲ್ಲದ ರೋಗವನ್ನು ಸೂಚಿಸಬಹುದು. ಸಣ್ಣ ಗಂಟು ಇದ್ದಾಗ ಈ ಪರೀಕ್ಷೆಗಳು ಇರುವ ರೋಗವನ್ನು ಕಾಣದೆ ಹೋಗಬಹುದು. ಆದ್ದರಿಂದ ದೀಪವುಳ್ಳ ಸಣ್ಣ ನಳಿಕೆಯಿಂದ ಮೂತ್ರಾಶಯವನ್ನು ಒಳಗಿನಿಂದಲೇ ನೋಡುವ ಪರೀಕ್ಷೆಗೆ ಇವು ಸಹಾಯಕವೇ ಹೊರತು ಬದಲಿಯಲ್ಲ. ಚಿಕಿತ್ಸೆಯ ಬಳಿಕ ಈ ರೋಗವು ಮರಳುವ ಸ್ವಭಾವದ್ದಾದುದರಿಂದ, ವರ್ಷಗಟ್ಟಲೆ ನಿಗಾ ಇಡುವಲ್ಲಿ ಇವುಗಳ ಉಪಯೋಗ ಹೆಚ್ಚು.

ಈ ಅಣುಪರೀಕ್ಷೆಗಳು ಎಲ್ಲ ಊರುಗಳಲ್ಲಿ ದೊರೆಯುವವಲ್ಲ. ಆದರೆ ಮೂತ್ರದಲ್ಲಿ ರಕ್ತ ಕಂಡುದನ್ನು ವೈದ್ಯರಿಗೆ ತಿಳಿಸಲು ಅವುಗಳ ದಾರಿ ಕಾಯಬೇಕಿಲ್ಲ. ನವನಗರದಲ್ಲಿ ವೈದ್ಯಕೀಯ ಮಹಾವಿದ್ಯಾಲಯವೂ ಅದರ ಆಸ್ಪತ್ರೆಯೂ ಇರುವುದರಿಂದ, ಬಾದಾಮಿ, ಹುನಗುಂದ, ಇಳಕಲ್ಲಿನವರು ಮೊದಲ ತಪಾಸಣೆಗೆ ಬಹುದೂರ ಹೋಗಬೇಕಾಗಿಲ್ಲ. ಒಂದೇ ಸಲ ಕಂಡರೂ, ನೋವಿಲ್ಲದಿದ್ದರೂ ಅದನ್ನು ಮುಚ್ಚಿಡಬಾರದೆಂದು ತಾಯಂದಿರು ಮನೆಯವರೆಲ್ಲರಿಗೂ ತಿಳಿಸಬೇಕೆಂದು ನಾವು ವಿನಂತಿಸುತ್ತೇವೆ.