ಪರದೆಯ ಕಪ್ಪು, ಪಡಸಾಲೆಯ ಬೆಳಕು

ಬೆಂಗಳೂರಿನ ಮನೆಗಳಿಗಿಂತ ಮೊದಲೇ ಕಲಬುರಗಿ ಸೀಮೆಯ ಹಳ್ಳಿಗಳು ಟೆಲಿವಿಷನ್ನನ್ನು ಕಂಡವು ಎಂದರೆ ರಾಜಧಾನಿಯ ವಾಚಕರು ಹುಬ್ಬೇರಿಸಬಹುದು. ಆದರೆ ಮಾತು ನಿಜ. 1975ನೆಯ ಇಸವಿಯ ಆಗಸ್ಟ್ 1ರಿಂದ ಮರುವರ್ಷದ ಜುಲೈ 31ರವರೆಗೆ ಎಟಿಎಸ್-6 ಎಂಬ ಅಮೆರಿಕದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರಗಳು ಆಕಾಶಮಾರ್ಗವಾಗಿ ಬಂದಿಳಿದವು. 'ಸೈಟ್' ಎಂದು ಹೆಸರಾದ ಆ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಕೋಳಿಗೂಡಿಗೆ ಬಿಗಿಯುವಂಥ ತಂತಿಬಲೆಯಿಂದ ಮಾಡಿದ ದೊಡ್ಡ ಛತ್ರಿಯೊಂದು ಶಾಲೆಯ ಬಳಿಯೋ ಪಂಚಾಯಿತಿಯ ಬಳಿಯೋ ನಿಂತಿತು. ಸಂಜೆಯಾದರೆ ಊರಿಗೆ ಊರೇ ಅದರ ಮುಂದೆ ನೆರೆಯಿತು. 1977ರಲ್ಲಿ ಗುಲ್ಬರ್ಗಾ ನಗರಕ್ಕೆ ದೂರದರ್ಶನದ ಕೇಂದ್ರ ಬಂತು. ಬೆಂಗಳೂರು 1981ರವರೆಗೆ ಕಾಯಬೇಕಾಯಿತು.

ಆಗ ಆರಿಸುವ ಕಷ್ಟ ಯಾರಿಗೂ ಇರಲಿಲ್ಲ. ಊರಿಗೆ ಒಂದು ಪೆಟ್ಟಿಗೆ, ಪೆಟ್ಟಿಗೆಗೆ ಎರಡೇ ಬಣ್ಣ: ಕಪ್ಪು, ಬಿಳುಪು. ಇಂದು ಆಳಂದ ತಾಲ್ಲೂಕಿನ ಸರಸಂಬಾದಂಥ ಊರಿನಲ್ಲಿಯೂ ತೊಗರಿ ಮಾರಿದ ಹಣದಲ್ಲಿ ಟೀವಿ ಕೊಳ್ಳಹೊರಟ ಗೃಹಸ್ಥನ ಮುಂದೆ ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿ ಎಂಬ ಬೀಜಮಂತ್ರಗಳ ಸಾಲೇ ನಿಲ್ಲುತ್ತದೆ. ಒಮ್ಮೆ ಕೊಂಡರೆ ಎಂಟು ಹತ್ತು ವರ್ಷ ಬಾಳಬೇಕಾದ ವಸ್ತು. ಬೆಲೆಯೋ ಒಂದು ಸುಗ್ಗಿಯ ಉಳಿತಾಯವನ್ನು ನುಂಗುವಂಥದು. ಅಂಥ ಮನೆಯೊಂದನ್ನು ವಾಚಕರು ಊಹಿಸಿಕೊಳ್ಳಲಿ. ಮೊಮ್ಮಗನಿಗೆ ವಿಡಿಯೊ ಆಟದ ಹುಚ್ಚು, ಮಗ ಸೊಸೆಯರಿಗೆ ರಾತ್ರಿ ಊಟವಾದ ಮೇಲೆ ಒಂದು ಸಿನಿಮಾ, ಹಿರಿಯರಿಗೆ ಬೆಳಗಿನಿಂದ ಸುದ್ದಿ.

"ಮುತ್ಯಾ, ನಿನ್ನ ಸುದ್ದಿ ಯಾವುದರಾಗ ನೋಡಿದರೂ ಅಷ್ಟ. ನನ್ನ ಆಟಕ್ಕ ಛಲೋದು ಬೇಕು" ಎನ್ನುತ್ತಾನೆ ಹುಡುಗ.

"ಇಡೀ ದಿನ ಅದರ ಮುಂದ ಕುಂದ್ರಾಂವ ನಾನೋ ನೀನೋ, ತಮ್ಮಾ?" ಎನ್ನುತ್ತಾರೆ ಮುತ್ಯಾ.

ಮುದುಕರ ಈ ಪ್ರಶ್ನೆಯಲ್ಲಿ ಅಂಗಡಿಯವನ ಜಾಹೀರಾತಿಗಿಂತ ಹೆಚ್ಚಿನ ತಿರುಳಿದೆ. ಅದು ಹೇಗೆಂಬುದನ್ನು ತಿಳಿಯಲು ಪರದೆಗಳ ಕುಲಗೋತ್ರವನ್ನು ಸ್ವಲ್ಪ ವಿಚಾರಿಸಬೇಕು.

ಹೆಸರುಗಳು ಎಷ್ಟೇ ಇರಲಿ, ಮನೆಗೆ ಬರುವ ಪರದೆಗಳಲ್ಲಿ ಮುಖ್ಯವಾದ ವಂಶಗಳು ಎರಡೇ. ಮೊದಲನೆಯದು ಎಲ್‌ಸಿಡಿ. ಅದರ ಹಿಂಭಾಗದಲ್ಲಿ ದೀಪಗಳು ಉರಿಯುತ್ತಿರುತ್ತವೆ. ಮುಂದೆ ದ್ರವಸ್ಫಟಿಕದ ಲಕ್ಷಾಂತರ ಕಿಟಕಿಗಳು ತೆರೆದು ಮುಚ್ಚಿ, ಬೇಕಾದಷ್ಟು ಬೆಳಕನ್ನು ಮಾತ್ರ ಹೊರಗೆ ಬಿಡುತ್ತವೆ. 'ಎಲ್‌ಇಡಿ ಟೀವಿ' ಎಂಬುದು ಬೇರೆ ಜಾತಿಯಲ್ಲ. ಹಿಂದಿನ ದೀಪ ಎಲ್‌ಇಡಿ ಆಗಿರುವ ಎಲ್‌ಸಿಡಿಯೇ ಅದು. ಕ್ಯೂಎಲ್‌ಇಡಿಯೂ ಅಷ್ಟೆ. ಅದರಲ್ಲಿ ನೀಲಿ ಬೆಳಕನ್ನು ಶುದ್ಧವಾದ ಕೆಂಪು, ಹಸಿರುಗಳಾಗಿ ಮಾರ್ಪಡಿಸುವ ಕ್ವಾಂಟಂ ಕಣಗಳ ತೆಳುಪದರವೊಂದು ಹೆಚ್ಚಿಗೆ ಇರುತ್ತದೆ. ಈ ಕಣಗಳ ಶೋಧನೆಗಾಗಿ ಬಾವೆಂಡಿ, ಬ್ರೂಸ್, ಎಕಿಮೊವ್ ಎಂಬ ಮೂವರಿಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು. ಎರಡನೆಯ ವಂಶವೇ ಓಎಲ್‌ಇಡಿ. 1987ರಲ್ಲಿ ಕೊಡ್ಯಾಕ್ ಸಂಸ್ಥೆಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಪ್ರಕಟಿಸಿದ ಸಂಶೋಧನೆ ಇದರ ಮೂಲ. ಇಲ್ಲಿ ಹಿಂದೆ ದೀಪವೇ ಇಲ್ಲ. ಸಾವಯವ ಪದಾರ್ಥದಿಂದಾದ ಒಂದೊಂದು ಚುಕ್ಕಿಯೂ ದೀಪಾವಳಿಯ ಹಣತೆಯಂತೆ ತಾನೇ ಉರಿಯುತ್ತದೆ, ತಾನೇ ಆರುತ್ತದೆ. ಇಂಗ್ಲಿಷಿನ 'ಓ' ಅಕ್ಷರಕ್ಕೆ ಒಂದು ಬಾಲ ಸೇರಿಸಿದರೆ 'ಕ್ಯೂ' ಆಗುತ್ತದೆ. ಆ ಬಾಲವನ್ನು ಗಮನಿಸದೆ ಮೋಸಹೋದವರು ಬಹು ಮಂದಿ.

ಹಣತೆ ಆರಿದಲ್ಲಿ ಕತ್ತಲೆ ಪೂರ್ಣ. ಕಿಟಕಿ ಮುಚ್ಚಿದಲ್ಲಿ ಹಾಗಲ್ಲ, ಸಂದಿನಿಂದ ಬೆಳಕು ಸೋರುತ್ತದೆ. ಸಿನಿಮಾ ನೋಡುವವರಿಗೆ ಇರುವ ಭೇದವೆಲ್ಲ ಇದೇ. ಮೈಸೂರಿನ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕಾಗಿ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ, ಕತ್ತಲೆಯ ಸ್ಟುಡಿಯೊದೊಳಗೆ ಒಂದು ಬೆಳಕಿನ ಕೋಲನ್ನು ಇಳಿಸಿದರು. ಆ ದೃಶ್ಯದ ಸೊಗಸಿರುವುದು ಬೆಳಕಿನಲ್ಲಿ ಮಾತ್ರವಲ್ಲ, ಅದರ ಸುತ್ತಲಿನ ಕಪ್ಪಿನಲ್ಲಿ. ಕಪ್ಪು ಬೂದಿಯಾಗಿ ಕಂಡರೆ ಮೂರ್ತಿಯವರ ಶ್ರಮ ವ್ಯರ್ಥ. 2022ರ 'ಕಾಂತಾರ'ದ ರಾತ್ರಿಯ ಕಾಡು, ಕೋಲದ ದೊಂದಿಗಳ ಉರಿ ಇವನ್ನು ಸಾಧಾರಣ ಎಲ್‌ಸಿಡಿಯಲ್ಲಿಯೂ ಓಎಲ್‌ಇಡಿಯಲ್ಲಿಯೂ ಒಂದಾದ ಮೇಲೊಂದರಂತೆ ನೋಡಿದವರಿಗೆ ಹೆಚ್ಚಿನ ವಿವರಣೆ ಬೇಕಾಗದು.

ಎಲ್‌ಸಿಡಿಯೂ ಸುಮ್ಮನೆ ಸೋಲೊಪ್ಪಿಲ್ಲ. ಅದರಲ್ಲಿ ಐಪಿಎಸ್, ವಿಎ ಎಂಬ ಎರಡು ಬಗೆಯ ಹಲಗೆಗಳಿವೆ. ಐಪಿಎಸ್‌ನಲ್ಲಿ ಬಿಳುಪು ಕಪ್ಪಿಗಿಂತ ಸುಮಾರು ಸಾವಿರ ಪಾಲು ಉಜ್ವಲ. ವಿಎಯಲ್ಲಿ ಮೂರು ನಾಲ್ಕು ಸಾವಿರ ಪಾಲು, ಕೆಲವುಗಳಲ್ಲಿ ಇನ್ನೂ ಹೆಚ್ಚು. ಮಿನಿ ಎಲ್‌ಇಡಿಯಲ್ಲಿ ಹಿಂಬದಿಯ ದೀಪಗಳನ್ನು ತೀರ ಕಿರಿದಾಗಿಸಿ, ನೂರಾರು ಕೇರಿಗಳನ್ನಾಗಿ ವಿಂಗಡಿಸಿ, ಕತ್ತಲೆಯಿರುವ ಕೇರಿಯ ದೀಪವನ್ನು ಆರಿಸುತ್ತಾರೆ. ಕಪ್ಪು ಬಹುಮಟ್ಟಿಗೆ ಕಪ್ಪೇ ಆಗುತ್ತದೆ. ಆದರೆ ಚಂದ್ರನ ಸುತ್ತ, ಕತ್ತಲ ದೃಶ್ಯದ ಕೆಳಗೆ ಮೂಡುವ ಬಿಳಿಯ ಅಕ್ಷರಗಳ ಸುತ್ತ ಒಂದು ಮಸುಕಾದ ಪರಿವೇಷ ಉಳಿಯುತ್ತದೆ.

ಹಾಗಾದರೆ ಓಎಲ್‌ಇಡಿಯೇ ಶ್ರೇಷ್ಠವೆಂದು ತೀರ್ಪು ಬರೆದು ಏಳಬಹುದಲ್ಲವೇ? ಅವಸರ ಬೇಡ. ಕಪ್ಪನ್ನು ಪರದೆಯೊಂದೇ ನಿರ್ಮಿಸುವುದಿಲ್ಲ, ಕೋಣೆಯೂ ನಿರ್ಮಿಸುತ್ತದೆ. ಈ ಭಾಗದ ಹಳೆಯ ಮಾಳಿಗೆಮನೆಗಳನ್ನು ನೋಡಿ: ದಪ್ಪ ಗೋಡೆ, ಸಣ್ಣ ಕಿಟಕಿ, ನಡುಮನೆಗೆ ಮೇಲಿನಿಂದ ಒಂದು ಬೆಳಕಿಂಡಿ. ಆ ಇಂಡಿಯೊಂದನ್ನು ಮುಚ್ಚಿದರೆ ಹಾಡುಹಗಲಲ್ಲೂ ಚಿತ್ರಮಂದಿರ ಸಿದ್ಧ. ಅಂಥಲ್ಲಿ ಓಎಲ್‌ಇಡಿ ತನ್ನ ಪೂರ್ಣ ವೈಭವವನ್ನು ಮೆರೆಯುತ್ತದೆ. ಆದರೆ ಈಗ ಊರೂರಲ್ಲಿ ಏಳುತ್ತಿರುವ ಆರ್‌ಸಿಸಿ ಮನೆಗಳಲ್ಲಿ ಅಗಲವಾದ ಗಾಜಿನ ಕಿಟಕಿ, ಬಿಳಿಯ ಗೋಡೆ, ಮಿರುಗುವ ನೆಲ. ಹೊರಗೆ ಕಲಬುರಗಿಯ ಬಿಸಿಲು. ಪರದೆಯ ಮೇಲೆ ಬಿದ್ದ ಹೊರಬೆಳಕೇ ಕಪ್ಪನ್ನು ತೊಳೆದುಹಾಕುತ್ತದೆ. ಓಎಲ್‌ಇಡಿಯಲ್ಲೇ ಕ್ಯೂಡಿ-ಓಎಲ್‌ಇಡಿ ಎಂಬ ಹೊಸ ಬಗೆಯೊಂದು 2022ರಿಂದ ಮಾರುಕಟ್ಟೆಯಲ್ಲಿದೆ. ಬಣ್ಣಗಳಲ್ಲಿ ಅದು ಬಹು ಸೊಗಸು, ಆದರೆ ಬೆಳಕಿನ ಕೋಣೆಯಲ್ಲಿ ಅದರ ಕಪ್ಪು ಬೂದಿಗೆ ತಿರುಗುವುದು ಹೆಚ್ಚು. ಮತ್ತೊಂದು ಸಂಗತಿ: ಪರದೆಯ ತುಂಬ ಬಿಳುಪು ಬಂದಾಗ ಓಎಲ್‌ಇಡಿ ತನ್ನ ಉಜ್ವಲತೆಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮಧ್ಯಾಹ್ನದ ಕ್ರಿಕೆಟ್ ಪಂದ್ಯಕ್ಕೆ ಮಿನಿ ಎಲ್‌ಇಡಿಯೇ ಸರಿಯಾದ ಜೊತೆ.

ಇನ್ನು ಹುಡುಗನ ಆಟ. ಇಲ್ಲಿ ವೇಗವೇ ಪ್ರಧಾನ. ಓಎಲ್‌ಇಡಿಯ ಚುಕ್ಕಿ ಒಂದು ಬಣ್ಣದಿಂದ ಇನ್ನೊಂದಕ್ಕೆ ಹೊರಳಲು ಸೆಕೆಂಡಿನ ಸಾವಿರದ ಒಂದು ಪಾಲೂ ಬೇಡ. ಎಲ್‌ಸಿಡಿಗೆ ಅಂಥ ಹಲವು ಪಾಲು ಬೇಕು. ಆದುದರಿಂದ ಎಲ್‌ಸಿಡಿಯಲ್ಲಿ ಓಡುವ ಕಾರಿನ ಹಿಂದೆ ಒಂದು ನೆರಳು ಎಳೆದಂತಾಗುತ್ತದೆ. ಕೌತುಕವೆಂದರೆ, ಈ ಚುರುಕೇ ಸಿನಿಮಾಕ್ಕೆ ಒಮ್ಮೊಮ್ಮೆ ಮುಳುವು. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲಿ ಸಾಗುವಂಥದು. ಕ್ಯಾಮೆರಾ ಮೆಲ್ಲನೆ ಅತ್ತಿಂದಿತ್ತ ತಿರುಗುವಾಗ ಓಎಲ್‌ಇಡಿಯಲ್ಲಿ ದೃಶ್ಯ ಅಡಿಗಡಿಗೂ ತಡವರಿಸಿದಂತೆ ಕಾಣುವುದುಂಟು. ಇದನ್ನು ನಯಗೊಳಿಸುವ ಯಾಂತ್ರಿಕ ಉಪಾಯಗಳು ಟೀವಿಯಲ್ಲೇ ಇವೆ. ಮಿತಿಮೀರಿ ಬಳಸಿದರೆ ಸಿನಿಮಾ ಧಾರಾವಾಹಿಯಂತಾಗುತ್ತದೆ.

ಆಟಕ್ಕೆಂದು ಕೊಳ್ಳುವವರು ಹಲಗೆಯ ಜಾತಿಗಿಂತ ಮುಂಚೆ ಕೇಳತಕ್ಕದ್ದು ಬೇರೆಯೇ ಇದೆ. ಪರದೆ ಸೆಕೆಂಡಿಗೆ 120 ಬಾರಿ ಹೊಸದಾಗಬಲ್ಲುದೇ, 60 ಮಾತ್ರವೇ? ಹಿಂಬದಿಯಲ್ಲಿ ಎಚ್‌ಡಿಎಂಐ 2.1 ಕಿಂಡಿ ಇದೆಯೇ? ಆಟದ ಗತಿಗೆ ತಕ್ಕಂತೆ ತನ್ನ ಗತಿಯನ್ನು ಬದಲಿಸುವ ವಿಆರ್‌ಆರ್ ಇದೆಯೇ? ಪ್ಲೇಸ್ಟೇಷನ್ 5ರಂಥ ಯಂತ್ರ ಮನೆಯಲ್ಲಿದ್ದರೆ ಇವು ಅಗತ್ಯ. ಮನೆಯಲ್ಲಿರುವುದು ಫೋನು ಮಾತ್ರವಾದರೆ ಇವುಗಳಿಗಾಗಿ ಹಣ ತೆರುವುದು ಎತ್ತಿಲ್ಲದೆ ಬಂಡಿ ಕೊಂಡಂತೆ. ಯಾವ ಟೀವಿಯಾದರೂ ಆಟದ ಸಮಯಕ್ಕೆ 'ಗೇಮ್ ಮೋಡ್' ಹಾಕುವುದನ್ನು ಮರೆಯಬಾರದು. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲಿನ ವೀರ ಕತ್ತಿ ಬೀಸಿದ್ದಕ್ಕೂ ನಡುವಿನ ವಿಳಂಬ ಅದರಿಂದ ಕಡಿಮೆಯಾಗುತ್ತದೆ.

ಈಗ ಮುತ್ಯಾನ ಪ್ರಶ್ನೆಗೆ ಬರೋಣ. ಓಎಲ್‌ಇಡಿಯ ಹಣತೆಗಳು ಉರಿದಷ್ಟೂ ಸವೆಯುತ್ತವೆ. ಎಲ್ಲವೂ ಸಮನಾಗಿ ಸವೆದರೆ ಚಿಂತೆಯಿಲ್ಲ. ಆದರೆ ಸುದ್ದಿವಾಹಿನಿಯ ಲಾಂಛನ, ಕೆಳಗಿನ ಕೆಂಪುಪಟ್ಟಿ ಇವು ದಿನಕ್ಕೆ ಎಂಟು ತಾಸು ಒಂದೇ ಸ್ಥಳದಲ್ಲಿ ಉರಿದರೆ ಅಲ್ಲಿನ ಚುಕ್ಕಿಗಳು ಬೇಗ ಬಳಲುತ್ತವೆ. ಕೆಲವು ವರ್ಷಗಳಲ್ಲಿ ಯಾವ ಚಿತ್ರ ಬಂದರೂ ಅದರಡಿ ಆ ಪಟ್ಟಿಯ ಛಾಯೆ ತೋರುತ್ತದೆ. ಬರ್ನ್-ಇನ್ ಎಂದು ಇದಕ್ಕೆ ಹೆಸರು. ಶಾಖವೂ ಸಾವಯವ ಪದಾರ್ಥಕ್ಕೆ ಹಿತವಲ್ಲ. ಬೇಸಗೆಯಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ದಾಟುವುದು ಹೊಸ ಮಾತೇನಲ್ಲ. ಈ ಸವೆತವನ್ನು ಸರಿದೂಗಿಸುವ ಏರ್ಪಾಡು ಟೀವಿಯೊಳಗೇ ಉಂಟು. ಅದು ನಡೆಯುವುದು ಟೀವಿಯನ್ನು ರಿಮೋಟಿನಿಂದ ಆರಿಸಿದ ಮೇಲೆ, ಒಳಗೆ ವಿದ್ಯುತ್ತು ಹರಿಯುತ್ತಿರುವಾಗ. ನೋಡಿ ಮುಗಿದೊಡನೆ ಗೋಡೆಯ ಸ್ವಿಚ್ಚನ್ನೂ ಆರಿಸುವುದು ಮಿತವ್ಯಯದ ಮನೆಗಳ ಸತ್ಸಂಪ್ರದಾಯ. ಇದೊಂದು ವಿಷಯದಲ್ಲಿ ಮಾತ್ರ ಆ ಸಂಪ್ರದಾಯವೇ ಪರದೆಯ ಆಯುಷ್ಯಕ್ಕೆ ಮಾರಕ. ವಿದ್ಯುತ್ತು ಹೊತ್ತಲ್ಲದ ಹೊತ್ತಿನಲ್ಲಿ ಹೋಗುವ ಊರಲ್ಲಿಯೂ ಅಷ್ಟೆ.

ಆದ್ದರಿಂದ ಸರಸಂಬಾದ ಆ ಮೂರು ತಲೆಮಾರಿನ ಮನೆಗೆ, ಬಿಸಿಲಿನ ಪಡಸಾಲೆಗೆ, ವಿಎ ಹಲಗೆಯ, 120ರ ಗತಿಯ ಮಿನಿ ಎಲ್‌ಇಡಿಯೇ ಒಪ್ಪುವಂಥದು. ಹುಡುಗನ ಆಟಕ್ಕೆ ಕೊರತೆಯಿಲ್ಲ, ಮುತ್ಯಾನ ಸುದ್ದಿಗೆ ಭಯವಿಲ್ಲ, ಸಿನಿಮಾಕ್ಕೆ ಮುಕ್ಕಾಲು ಪಾಲು ನ್ಯಾಯ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಹಗಲೆಲ್ಲ ಕಚೇರಿಯಲ್ಲಿದ್ದು, ರಾತ್ರಿ ದೀಪವಾರಿಸಿ ಸಿನಿಮಾ ನೋಡುವ ದಂಪತಿಗಳಾದರೆ ಓಎಲ್‌ಇಡಿಗೆ ಹಿಂಜರಿಯಬೇಕಿಲ್ಲ. 32 ಅಂಗುಲ ಮೀರಿದ ಟೀವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದದ್ದು ಇಬ್ಬರಿಗೂ ಅನುಕೂಲವೇ.

ಅಂಗಡಿಯಲ್ಲಿ ಒಂದು ಎಚ್ಚರ. ಅಲ್ಲಿ ಪ್ರತಿ ಟೀವಿಯೂ 'ವಿವಿಡ್' ಎಂಬ ವೇಷದಲ್ಲಿ, ಟ್ಯೂಬ್‌ಲೈಟುಗಳ ಕೆಳಗೆ, ಹೂದೋಟದ ಚಿತ್ರ ತೋರಿಸುತ್ತ ನಿಂತಿರುತ್ತದೆ. ಅತಿ ಪ್ರಖರವಾದುದೇ ಅತ್ಯುತ್ತಮವೆಂದು ಕಣ್ಣು ಮೋಸಹೋಗುವುದು ಸಹಜ. 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್' ಮೋಡಿಗೆ ಬದಲಿಸಲು ಹೇಳಬೇಕು. ಪೆನ್‌ಡ್ರೈವಿನಲ್ಲಿ ಕತ್ತಲೆಯ ದೃಶ್ಯವೊಂದನ್ನು ಒಯ್ದು ಹಾಕಿಸಬೇಕು. ಖಾತರಿಪತ್ರದಲ್ಲಿ ಬರ್ನ್-ಇನ್ ಬಗ್ಗೆ ಏನು ಬರೆದಿದೆಯೆಂದು ಓದಿಸಿಕೊಳ್ಳಬೇಕು. ಪಕ್ಕಕ್ಕೆ ಸರಿದೂ ನೋಡಬೇಕು: ವಿಎ ಹಲಗೆಯ ಬಣ್ಣ ಬದಿಯಿಂದಲೂ ಕೆಳಗಿನಿಂದಲೂ ಮಂಕಾಗುತ್ತದೆ. ಚಾಪೆ ಹಾಸಿ ನೆಲದಲ್ಲಿ ಕೂತು ನೋಡುವ ಮನೆಯವರು ಅದನ್ನು ದೇವರ ಪಟದಂತೆ ಎತ್ತರದಲ್ಲಿ ತೂಗುಹಾಕದೆ, ಕುಳಿತವರ ಕಣ್ಣಿನ ಮಟ್ಟಕ್ಕೆ ಇಳಿಸಿಕೊಳ್ಳಬೇಕು. 55 ಅಂಗುಲದ ಪರದೆಗೆ ಚಾಪೆ ಆರೇಳು ಅಡಿ ದೂರದಲ್ಲಿದ್ದರೆ ಸಾಕು.