ಎಳೆಯ ಮಕ್ಕಳೊಂದಿಗೆ ಕಾರಿನಲ್ಲಿ ದೂರದ ಯಾತ್ರೆ: ಹೊರಡುವ ಮುನ್ನ ತಿಳಿದಿರಬೇಕಾದದ್ದು

ರಾಯಚೂರು, ದೇವದುರ್ಗ, ಮಾನ್ವಿ ಭಾಗದ ಜೈನ ಕುಟುಂಬಗಳಿಗೆ ಶ್ರವಣಬೆಳಗೊಳ ಹತ್ತಿರದ ಕ್ಷೇತ್ರವಲ್ಲ. ರಾಯಚೂರಿನಿಂದ ಮಾನ್ವಿ, ಸಿಂಧನೂರು, ಗಂಗಾವತಿ, ಹೊಸಪೇಟೆ, ಚಿತ್ರದುರ್ಗದ ಮೇಲೆ ಹೋದರೆ ಒಂದು ಕಡೆಗೇ ಸುಮಾರು 500 ಕಿ.ಮೀ. ಆಗುತ್ತದೆ. ದೇವದುರ್ಗದವರು ಸಿರವಾರದ ಮೂಲಕ ಮಾನ್ವಿಗೆ ಬಂದು ಇದೇ ರಸ್ತೆ ಸೇರಬಹುದು.

ದೊಡ್ಡವರಷ್ಟೇ ಇದ್ದರೆ ಇದು ಒಂದೇ ದಿನದ ಹಾದಿ. ಒಂದರಿಂದ ಮೂರು ವರ್ಷದ ಮಗು ಜೊತೆಗಿದ್ದರೆ ಲೆಕ್ಕ ಬೇರೆ. ರಾತ್ರಿ ಭೋಜನ ತ್ಯಾಗದ ನಿಯಮವಿರುವ ಹಿರಿಯರೂ ಕಾರಿನಲ್ಲಿದ್ದರೆ, ಸೂರ್ಯಾಸ್ತದೊಳಗೆ ಊಟದ ಜಾಗ ಮುಟ್ಟಬೇಕೆಂಬ ಅವಸರ ಕಾರು ಓಡಿಸುವವರ ಮೇಲೆ ಬೀಳುತ್ತದೆ. ಆ ಅವಸರದ ಹೊತ್ತಿನಲ್ಲಿ ಮಗು ಅಜ್ಜಿಯ ತೊಡೆಯ ಮೇಲೋ ಮುಂದಿನ ಸೀಟಿನಲ್ಲೋ ಇರುವುದೇ ದೊಡ್ಡ ಅಪಾಯ. ಎರಡನ್ನೂ ಮನೆಯಿಂದ ಹೊರಡುವ ಮೊದಲೇ ತಪ್ಪಿಸಬಹುದು.

ತೊಡೆ ಸುರಕ್ಷಿತ ಜಾಗವಲ್ಲ

ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತರೆ, ಒಳಗಿರುವ ಪ್ರತಿಯೊಂದೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ಎಳೆಯಲ್ಪಡುತ್ತದೆ. 10 ಕಿಲೋ ತೂಕದ ಮಗು ಆ ಕ್ಷಣಕ್ಕೆ ಎರಡು ಕ್ವಿಂಟಲ್ ಭಾರವಾದಂತೆ. ಅಷ್ಟು ಭಾರವನ್ನು ಯಾರ ತೋಳುಗಳೂ ತಡೆದು ಹಿಡಿಯಲಾರವು. ದೊಡ್ಡವರ ಬೆಲ್ಟಿನೊಳಗೆ ಮಗುವನ್ನೂ ಸೇರಿಸಿಕೊಂಡರೆ ಇನ್ನೂ ಕೆಟ್ಟದ್ದು. ದೊಡ್ಡವರ ದೇಹವೇ ಮಗುವನ್ನು ಬೆಲ್ಟಿಗೆ ಅದುಮುತ್ತದೆ.

ಮಕ್ಕಳ ಕಾರ್ ಸೀಟ್ ಬಳಸಿದರೆ ಸಾವಿನ ಅಪಾಯ ಶೇ. 60ರಷ್ಟು ತಗ್ಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕಾನೂನೂ ಇದನ್ನು ಕೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ, 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆಯಿಲ್ಲದೆ ಕರೆದೊಯ್ದರೆ 1,000 ರೂ. ದಂಡವಿದೆ.

ಸೀಟನ್ನು ಹಿಂದಿನ ಸಾಲಿನಲ್ಲಿ ಕಟ್ಟಬೇಕು. ಕನಿಷ್ಠ 15 ತಿಂಗಳವರೆಗೆ ಮಗುವಿನ ಮುಖ ಕಾರಿನ ಹಿಂಬದಿಗೆ ಇರಬೇಕು. ಸೀಟಿನ ಮೇಲೆ ಬರೆದ ಎತ್ತರ, ತೂಕದ ಮಿತಿ ಬರುವವರೆಗೂ ಹಾಗೇ ಇದ್ದರೆ ಇನ್ನೂ ಒಳ್ಳೆಯದು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟನ್ನು ಇಡಲೇಬಾರದು. ಬಾಡಿಗೆ ಕಾರಿನಲ್ಲಿ ಹೋಗುವವರು ಮಕ್ಕಳ ಸೀಟನ್ನು ಮನೆಯಿಂದಲೇ ಒಯ್ಯುವುದು ಲೇಸು. ಯಾತ್ರೆಗೆ ವಾರ ಮೊದಲೇ ಊರೊಳಗಿನ ಓಡಾಟದಲ್ಲಿ ಮಗುವನ್ನು ಅದರಲ್ಲಿ ಕೂರಿಸಿ ರೂಢಿ ಮಾಡಿಸಿದರೆ ದಾರಿಯಲ್ಲಿ ಅಳು ಕಡಿಮೆ.

ಒಂದು ದಿನದ ಹಾದಿಯನ್ನು ಎರಡು ದಿನ ಮಾಡಿ

ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ ಮಗುವನ್ನು ಸೀಟಿನಿಂದ ಇಳಿಸಿ ಓಡಾಡಿಸಬೇಕು. ಬೆಳಿಗ್ಗೆ ಮನೆಯಲ್ಲೇ ಉಪಾಹಾರ ಮುಗಿಸಿ ಹೊರಟರೆ ಮೊದಲ ನಿಲುಗಡೆ ಸಿಂಧನೂರು, ಮಧ್ಯಾಹ್ನದ ಊಟ ಹೊಸಪೇಟೆ. ಅಲ್ಲಿಂದ ಕಮಲಾಪುರದ ಕಡೆಗೆ ಸ್ವಲ್ಪ ಹೊರಳಿದರೆ, ವಿಜಯನಗರದ ದಂಡನಾಯಕ ಇರುಗಪ್ಪ 1385ರಲ್ಲಿ ಕಟ್ಟಿಸಿದ ಗಾಣಗಿತ್ತಿ ಬಸದಿಯ ದರ್ಶನವೂ ಆಗುತ್ತದೆ, ಮಗುವಿಗೆ ಬಯಲಿನಲ್ಲಿ ಓಡಲು ಜಾಗವೂ ಸಿಗುತ್ತದೆ. ಆ ರಾತ್ರಿ ಚಿತ್ರದುರ್ಗದಲ್ಲಿ ತಂಗಿ, ಉಳಿದ ಹಾದಿಯನ್ನು ಮರುದಿನಕ್ಕೆ ಇಟ್ಟುಕೊಳ್ಳಬಹುದು.

ಕತ್ತಲಾದ ಮೇಲೆ ಓಡಿಸದಿರುವುದು ಒಳ್ಳೆಯದು. ಭತ್ತದ ಕೊಯ್ಲಿನ ಕಾಲದಲ್ಲಿ ಮಾನ್ವಿ, ಸಿಂಧನೂರು ಭಾಗದ ರಸ್ತೆಗಳಲ್ಲಿ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಎದುರಾಗಬಹುದು. ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಆಂಬುಲೆನ್ಸ್‌ಗೆ 108 ಸಂಖ್ಯೆಗಳು ಎಲ್ಲರ ಮೊಬೈಲಿನಲ್ಲೂ ಇರಲಿ.

ಸಂಜೆಯ ಊಟ ಕಾರಿನಲ್ಲೇ ಇರಲಿ

ಡಿಸೆಂಬರಿನಲ್ಲಿ ಈ ಭಾಗದಲ್ಲಿ 6 ಗಂಟೆಗೆ ಮೊದಲೇ ಸೂರ್ಯಾಸ್ತವಾಗುತ್ತದೆ. ಹೊರಡುವ ದಿನದ ಸಮಯವನ್ನು ಪಂಚಾಂಗದಲ್ಲಿ ನೋಡಿಕೊಂಡು, ಅದಕ್ಕೆ ಒಂದು ಗಂಟೆ ಮೊದಲು ಎಲ್ಲಿದ್ದರೂ ಸರಿ, ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ ಊಟ ಮಾಡುವುದು ಎಂದು ಮೊದಲೇ ಮಾತಾಡಿಕೊಳ್ಳಬೇಕು. ಒಣ ಜೋಳದ ರೊಟ್ಟಿ, ಚಟ್ನಿಪುಡಿ, ಚಪಾತಿ, ಖಾಕ್ರಾ, ಸೋಸಿ ಕಾಯಿಸಿದ ನೀರು ಜೊತೆಗಿದ್ದರೆ ಹೋಟೆಲ್ ಹುಡುಕುವ ಕೆಲಸವಿಲ್ಲ. ಹಿರಿಯರ ನಿಯಮವೂ ಉಳಿಯುತ್ತದೆ, ವೇಗ ಹೆಚ್ಚಿಸುವ ಕಾರಣವೂ ಇರುವುದಿಲ್ಲ.

ಮಗುವಿನ ಹೊಟ್ಟೆ ಹಿರಿಯರ ಗಡಿಯಾರ ನೋಡುವುದಿಲ್ಲ. ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಮೆತ್ತನೆಯ ಆಹಾರ ಕೊಡುತ್ತಿರಬೇಕು. ಬಾಳೆಹಣ್ಣು, ಮೆತ್ತಗಿನ ಇಡ್ಲಿ ಆಗಬಹುದು. ಇಡೀ ಶೇಂಗಾ, ಹುರಿಗಡಲೆ, ಇಡೀ ದ್ರಾಕ್ಷಿ ಎಳೆಯ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ, ಅವು ಬೇಡ. ಓಡುವ ಕಾರಿನಲ್ಲಿ ತಿನ್ನಿಸುವುದೂ ಬೇಡ. ಬಿಸಿ ಹಾಲನ್ನು ಫ್ಲಾಸ್ಕಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಕೆಡುತ್ತದೆ.

ಎರಡು ವರ್ಷ ದಾಟಿದ ಮಕ್ಕಳಿಗೆ ಕಾರಿನಲ್ಲಿ ವಾಂತಿ ಬರುವುದು ಸಾಮಾನ್ಯ. ಹೊರಡುವ ಮುನ್ನ ಹೊಟ್ಟೆತುಂಬ ತಿನ್ನಿಸದೆ, ಮೊಬೈಲ್ ಕೊಡದೆ, ಕಿಟಕಿಯಾಚೆ ದೂರದ ಮರ, ಗುಡ್ಡ ತೋರಿಸುತ್ತಿದ್ದರೆ ಕಡಿಮೆಯಾಗುತ್ತದೆ. ವೈದ್ಯರನ್ನು ಕೇಳದೆ ವಾಂತಿಯ ಔಷಧಿಯನ್ನಾಗಲಿ, ನಿದ್ದೆ ಬರಿಸುವ ಸಿರಪ್ಪನ್ನಾಗಲಿ ಕೊಡಬಾರದು.

ಬಿಸಿಲಿನ ಎಚ್ಚರ

ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಏರಬಲ್ಲದು. ಎಳೆಯ ಮಕ್ಕಳ ದೇಹ ದೊಡ್ಡವರಿಗಿಂತ ಬಹಳ ಬೇಗ ಕಾಯುತ್ತದೆ. ‘ಐದೇ ನಿಮಿಷ ದರ್ಶನ’ ಎಂದು ಮಲಗಿದ ಮಗುವನ್ನು ಕಾರಿನಲ್ಲಿ ಬಿಟ್ಟು ಹೋಗಲೇಬಾರದು. ಕೂರಿಸುವ ಮುನ್ನ ಬೆಲ್ಟಿನ ಲೋಹದ ಬಕಲ್ ಮುಟ್ಟಿ ನೋಡಬೇಕು. ಸಾಧ್ಯವಿದ್ದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ಯಾತ್ರೆ ಮಾಡುವುದು ಮೇಲು.

ಕ್ಷೇತ್ರ ತಲುಪಿದ ಮೇಲೆ

ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಬರಿಗಾಲಿನಲ್ಲಿ ಹತ್ತಬೇಕು. ಬಿಸಿಲೇರಿದರೆ ಬಂಡೆ ಕಾಯುತ್ತದೆ. ತಲುಪಿದ ದಿನವೇ ಹತ್ತದೆ ಆ ರಾತ್ರಿ ತಂಗಿ, ಬೆಳಗಿನ ತಂಪಿನಲ್ಲಿ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಇಟ್ಟುಕೊಂಡು ಹೋದರೆ ಇಬ್ಬರಿಗೂ ಹಗುರ. ನಡೆಯಲಾಗದ ಹಿರಿಯರಿಗೆ ಡೋಲಿ ಸಿಗುತ್ತದೆ.

ಮರಳಿ ಬರುವಾಗಲೂ ಎರಡು ದಿನದ ಲೆಕ್ಕವೇ ಇರಲಿ. ದರ್ಶನವಾಯಿತು, ಇನ್ನು ಮನೆ ಸೇರಿಬಿಡೋಣ ಎಂಬ ಆತುರವೂ ಸೂರ್ಯಾಸ್ತದ ಆತುರದಷ್ಟೇ ಅಪಾಯದ್ದು.