ಸನ್ಮೈಕಾ ಅಂದರೆ ಕಾಗದ!

ಗಂಗಾವತಿ, ಕುಷ್ಟಗಿಯ ಹೋಟೆಲುಗಳಲ್ಲಿ ಟೇಬಲಿನ ಮ್ಯಾಲೆ ಹಚ್ಚಿದ ಗಟ್ಟಿ ಹಾಳೆ ನೋಡಿದ್ದೀರಲ್ಲ? ಅದಕ್ಕೆ ನಾವು ಸನ್ಮೈಕಾ ಅಂತೀವಿ. ನಮ್ಮ ಕಾಕಾ ಬಡಿಗತನ ಮಾಡುತ್ತಾರೆ. ಅವರ ಕೆಲಸ ನೋಡಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಸನ್ಮೈಕಾ ಕಲ್ಲಲ್ಲ, ತಗಡಲ್ಲ, ಕಾಗದ! ಕಂದು ಕಾಗದದ ಹಲವು ಪದರುಗಳನ್ನು ರಾಳದಲ್ಲಿ ತೋಯಿಸಿ, ಮೇಲೆ ಬಣ್ಣದ ಕಾಗದ ಇಟ್ಟು, ಭಾರಿ ಒತ್ತಡದಲ್ಲಿ ಕಾಯಿಸಿ ಒಂದು ಮಾಡುತ್ತಾರೆ. 1912ರಲ್ಲಿ ಅಮೆರಿಕದಲ್ಲಿ ವಿದ್ಯುತ್ ಸಾಮಾನುಗಳಿಗೆ ಅಭ್ರಕದ ಬದಲಿಗೆ ಇಂಥ ವಸ್ತು ಮಾಡಿದರು. ಅಭ್ರಕಕ್ಕೆ ಇಂಗ್ಲಿಷಿನಲ್ಲಿ ಮೈಕಾ ಎಂದು ಹೆಸರು. ಮೈಕಾದ ಬದಲಿಗೆ ಬಂದದ್ದಕ್ಕೇ ‘ಫಾರ್ಮೈಕಾ’ ಎಂಬ ಹೆಸರು ಬಂತು.

ಕತ್ತರಿಸುವುದು: ಕಬ್ಬಿಣದ ಪಟ್ಟಿ ಇಟ್ಟು, ಬಣ್ಣದ ಕಡೆ ಕಟ್ಟರಿನಿಂದ ಒಂದೇ ಗೆರೆ ಮೇಲೆ ನಾಲ್ಕೈದು ಸಲ ಗೀರಬೇಕು. ನಂತರ ಒಂದು ಬದಿ ಒತ್ತಿ ಹಿಡಿದು, ಇನ್ನೊಂದು ಬದಿ ಮೇಲಕ್ಕೆ ಎತ್ತಿದರೆ ಗೆರೆಗುಂಟ ಮುರಿಯುತ್ತದೆ.

ತೂತು ಹಾಕುವುದು: ಕೆಳಗೆ ಕಟ್ಟಿಗೆ ತುಂಡು ಇಡಬೇಕು. ಇಲ್ಲದಿದ್ದರೆ ಹಿಂದಿನ ಪದರು ಕಿತ್ತು ಬರುತ್ತದೆ. ತೂತು ಸ್ಕ್ರೂಗಿಂತ ತುಸು ದೊಡ್ಡದಿರಲಿ. ಬಿಗಿಯಾದರೆ ಅಲ್ಲಿಂದಲೇ ಸೀಳು ಬಿಡುತ್ತದೆ.

ಅಂಚು ನಯ ಮಾಡುವುದು: ಅರವನ್ನು ಮೇಲಿಂದ ಕೆಳಗೇ ಎಳೆಯಬೇಕು. ಕೆಳಗಿಂದ ಮೇಲೆ ತಿಕ್ಕಿದರೆ ಬಣ್ಣದ ಪದರು ಚಕ್ಕೆ ಏಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಧೂಳು ಒಳಗೆ ಹೋಗಬಾರದು.

ಅಂಟಿಸುವುದು: ನಮ್ಮ ಕಿನ್ನಾಳದ ಗೊಂಬೆಗಳ ಕಟ್ಟಿಗೆ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸನ್ಮೈಕಾಕ್ಕೆ ಫೆವಿಕಾಲ್ ಬಳಸುತ್ತಾರೆ. ಪ್ಲೈವುಡ್ಡಿನ ಧೂಳು ಒರೆಸಿ, ಅಂಟನ್ನು ತೆಳ್ಳಗೆ ಎಲ್ಲ ಕಡೆ ಹಚ್ಚಬೇಕು. ಹಾಳೆ ಇಟ್ಟು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋದರೆ ಒಳಗಿನ ಗಾಳಿ ಹೊರಗೆ ಬರುತ್ತದೆ. ಆಮೇಲೆ ಒಂದು ರಾತ್ರಿ ಭಾರ ಹೇರಿ ಇಡಬೇಕು. ಹಲಗೆಯ ಒಂದೇ ಬದಿಗೆ ಹಚ್ಚಿದರೆ ಅದು ಬಾಗುತ್ತದೆ. ಕಟ್ಟಿಗೆಯೂ ಕಾಗದವೂ ಗಾಳಿಯ ತೇವಕ್ಕೆ ಹಿಗ್ಗುತ್ತವೆ, ಬಿಸಿಲಿಗೆ ಕುಗ್ಗುತ್ತವೆ, ಆದರೆ ಸಮನಾಗಿ ಅಲ್ಲ. ಅದಕ್ಕೇ ಬಾಗಿಲಿಗೆ ಎರಡೂ ಬದಿ ಹಚ್ಚುತ್ತಾರೆ.

ಇದನ್ನೆಲ್ಲ ಬರೆಯಲು ಕಾರಣ ಉಂಟು. ನಮ್ಮ ವರ್ಗದ ಮೇಜಿನ ಒಂದು ಮೂಲೆ ಎದ್ದದ. ಹೋಗುವವರು ಬರುವವರು ಉಗುರು ಹಾಕಿ ಕೀಳುತ್ತಾರೆ. ಈಗ ಅಂಟಿಸಿದರೆ ನಾಲ್ಕು ಚಮಚ ಫೆವಿಕಾಲ್ ಸಾಕು. ಮಳೆಗಾಲದಲ್ಲಿ ನೀರು ಒಳಗೆ ಹೊಕ್ಕರೆ ಪ್ಲೈವುಡ್ ಉಬ್ಬುತ್ತದೆ, ಮೇಜೇ ಹೋಗುತ್ತದೆ. ಗುರುಗಳು ಒಪ್ಪಿದರೆ ಶನಿವಾರ ಶಾಲೆ ಬಿಟ್ಟ ಮೇಲೆ ಅಂಟಿಸೋಣ. ಭಾರಕ್ಕೆ ಇಟ್ಟಂಗಿ ನಾನು ತರುತ್ತೇನೆ. ಅಲ್ಲಿಯವರೆಗೆ ಯಾರೂ ಕೀಳಬ್ಯಾಡ್ರಿ!